ಎರಡನೇ ಡಿಸ್ಕ್ ಪೆಟ್ಟಿಗೆಯಿಂದ ಹೊರಗಿರಲಿ

ಮನೆಗೊಂದು ಸ್ಟೋರೇಜ್ ಸರ್ವರ್ ಕಟ್ಟಿಕೊಳ್ಳಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ನೋಡಿ. ಯಾವ ಅಂಗಡಿಯ ಮುಂದೆ ನಿಂತರೂ ಸಿಗುವ ಮೊದಲ ಸಲಹೆ ಒಂದೇ: ‘ಡಿಸ್ಕ್ ಎರಡು ತಗೊಳ್ಳಿ ಸಾರ್, ಮಿರರ್ ಮಾಡಿಬಿಡೋಣ. ಒಂದು ಹೋದ್ರೂ ಇನ್ನೊಂದು ಇರುತ್ತಲ್ಲ.’ ಸಾಫ್ಟ್‌ವೇರ್ ಕಂಪನಿಯಲ್ಲಿರುವ ಭಾವಮೈದುನನನ್ನು ಕೇಳಿದರೂ ಇದೇ ಮಾತು. ಯೂಟ್ಯೂಬಿನ ಪಂಡಿತರು ಇನ್ನೂ ಒಂದು ಹೆಜ್ಜೆ ಮುಂದೆ. ಅವರ ಪ್ರಕಾರ ನಾಲ್ಕಕ್ಕಿಂತ ಕಡಿಮೆ ಡಿಸ್ಕ್ ಹಾಕುವವರು ಮಕ್ಕಳ ಫೋಟೊಗಳ ಮೇಲೆ ಪ್ರೀತಿಯಿಲ್ಲದವರು. ಈ ಸಲಹೆ ಎಷ್ಟು ಸಲೀಸಾಗಿ ಹರಿದಾಡುತ್ತಿದೆಯೆಂದರೆ ಅದನ್ನು ಪ್ರಶ್ನಿಸಬೇಕೆಂದೇ ಯಾರಿಗೂ ಅನ್ನಿಸುವುದಿಲ್ಲ.

ನನ್ನ ತಕರಾರು ನೇರವಾದದ್ದು. ಮನೆಯ ಮಟ್ಟಿಗೆ ಈ ಸಲಹೆ ತಪ್ಪು. ಎರಡು ಡಿಸ್ಕ್ ಕೊಳ್ಳುವಷ್ಟು ದುಡ್ಡಿದ್ದರೆ ಎರಡನ್ನೂ ಕೊಳ್ಳಿ, ಬೇಡವೆನ್ನುವವನು ನಾನಲ್ಲ. ಆದರೆ ಎರಡನ್ನೂ ಒಂದೇ ಪೆಟ್ಟಿಗೆಗೆ ತುರುಕಬೇಡಿ. ಒಂದು ಸರ್ವರಿನೊಳಗಿರಲಿ, ಇನ್ನೊಂದು ಬೇರೆ ಮನೆಯಲ್ಲಿ, ಬೇರೆ ಮೀಟರಿನ ಕರೆಂಟಿನಲ್ಲಿ, ಬೇರೆ ಪಾಸ್‌ವರ್ಡಿನ ಹಿಂದೆ ಇರಲಿ.

ಹೀಗೆ ಡಿಸ್ಕುಗಳನ್ನು ಒಟ್ಟಿಗೆ ಕಟ್ಟುವ ತಂತ್ರಕ್ಕೆ ರೇಡ್ ಎಂದು ಹೆಸರು. ‘ರೇಡ್ ಬ್ಯಾಕಪ್ ಅಲ್ಲ ಅಂತ ನಮಗೂ ಗೊತ್ತು, ಅದು ಹಳೇ ಮಾತು’ ಎಂದು ಬಲ್ಲವರು ಮುಖ ಸಿಂಡರಿಸುತ್ತಾರೆ. ಗೊತ್ತಿರುವುದು ನಿಜ. ಆದರೆ ಅವರ ಬಾಯಿಯನ್ನು ಬಿಟ್ಟು ಬಿಲ್ಲನ್ನು ನೋಡಬೇಕು. ನಾಲ್ಕು ಡಿಸ್ಕಿನ ಡಬ್ಬಿ, ಅದಕ್ಕೆ ನಾಲ್ಕು ಒಂದೇ ಸಾಮರ್ಥ್ಯದ ಡಿಸ್ಕು, ಹೆಚ್ಚುವರಿ ರ‍್ಯಾಮು, ಹೊಸ ಸ್ವಿಚ್ಚು. ಬ್ಯಾಕಪ್ ಎಲ್ಲಿ ಎಂದು ಕೇಳಿದರೆ ‘ಅದು ಮುಂದಿನ ತಿಂಗಳು.’ ಆ ಮುಂದಿನ ತಿಂಗಳು ಬರುವುದೇ ಇಲ್ಲ. ಮಿರರ್ ಕೊಟ್ಟ ನೆಮ್ಮದಿ ಬ್ಯಾಕಪ್ಪಿನ ಅವಸರವನ್ನೇ ಕೊಂದುಹಾಕಿರುತ್ತದೆ. ಸುಳ್ಳು ಎಂದು ಗೊತ್ತಿದ್ದೂ ನಂಬುವ ನಂಬಿಕೆ ಇದು. ಪೂರಾ ಅಜ್ಞಾನಿಗೆ ತಿಳಿಹೇಳಬಹುದು, ಇವರಿಗೆ ಹೇಳುವುದು ಕಷ್ಟ.

ಈ ರೇಡ್ ಎಂಬುದು ಯಾಕೆ ಹುಟ್ಟಿತು ಎಂದು ಸ್ವಲ್ಪ ನೋಡೋಣ. 1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಒಂದು ಪ್ರಬಂಧ ಬರೆದರು. ಐಬಿಎಂನ ದೊಡ್ಡ ದುಬಾರಿ ಡಿಸ್ಕಿನ ಬದಲು ಪರ್ಸನಲ್ ಕಂಪ್ಯೂಟರಿಗೆ ಹಾಕುವ ಚಿಕ್ಕ ಅಗ್ಗದ ಡಿಸ್ಕುಗಳ ಹಿಂಡನ್ನೇ ಕಟ್ಟಿದರೆ ವೇಗವೂ ಹೆಚ್ಚು, ಖರ್ಚೂ ಕಡಿಮೆ ಎಂಬುದು ಅವರ ವಾದ. ಒಂದು ತೊಡಕಿತ್ತು. ಒಂದು ಡಿಸ್ಕ್ ಸರಾಸರಿ 30,000 ಗಂಟೆ ಬಾಳಿದರೆ, ಅಂಥ ನೂರನ್ನು ಒಟ್ಟಿಗೆ ಕಟ್ಟಿದಾಗ ಅವುಗಳಲ್ಲಿ ಒಂದು ಸರಾಸರಿ 300 ಗಂಟೆಗೇ ಕೈಕೊಡುತ್ತದೆ. ಅಂದರೆ ಎರಡು ವಾರವೂ ಇಲ್ಲ. ಹೀಗಾದರೆ ಹಿಂಡು ಕಟ್ಟಿ ಏನು ಬಂತು? ಆ ತೊಡಕಿಗೆ ಮದ್ದಾಗಿ ಬಂದದ್ದು ಹೆಚ್ಚುವರಿ ಡಿಸ್ಕುಗಳ ಏರ್ಪಾಟು. ಡಿಸ್ಕುಗಳು ಪದೇ ಪದೇ ಸಾಯುವಾಗಲೂ ಯಂತ್ರ ನಿಲ್ಲದೆ ಓಡಲಿ ಎಂಬುದು ಉದ್ದೇಶ. ಬ್ಯಾಂಕಿಗೆ, ರೈಲ್ವೆ ಬುಕಿಂಗಿಗೆ ಇದು ಪ್ರಾಣ. ಹತ್ತು ನಿಮಿಷ ನಿಂತರೆ ಅಲ್ಲಿ ಸಾಲು ರಸ್ತೆಗೆ ಬರುತ್ತದೆ.

ನಿಮ್ಮ ಮನೆಯಲ್ಲಿ ಯಾವ ಸಾಲು? ಮಂಗಳವಾರ ಡಿಸ್ಕ್ ಸತ್ತು, ಹೊಸದು ಶನಿವಾರ ಬಂದು, ಭಾನುವಾರ ನಕಲಿನಿಂದ ತುಂಬಿಸಿಕೊಂಡರೆ ಕಳೆದುಕೊಳ್ಳುವುದು ಐದು ದಿನ ಟೀವಿಯಲ್ಲಿ ಹಳೇ ಸಿನಿಮಾ ನೋಡುವ ಅವಕಾಶವನ್ನು. ಯಂತ್ರ ನಿಲ್ಲದಿರಲಿ ಎಂದು ಮನೆಯವರು ದುಡ್ಡು ಸುರಿಯುವುದು ತಮಗಿಲ್ಲದ ಕಾಯಿಲೆಗೆ ಔಷಧಿ ಕುಡಿದ ಹಾಗೆ.

ಹಾಗಾದರೆ ಮನೆಗಳಲ್ಲಿ ದತ್ತಾಂಶ ನಿಜವಾಗಿ ಹೋಗುವುದು ಹೇಗೆ? ಡಿಸ್ಕ್ ಸಾಯುವುದು ಒಂದು ದಾರಿ, ಒಪ್ಪಿದೆ. ಉಳಿದ ದಾರಿಗಳನ್ನು ನೋಡಿ. ಫೋನಿನಲ್ಲಿ ಜಾಗವಿಲ್ಲವೆಂದು ಯಾರೋ ಒಂದು ಫೋಲ್ಡರನ್ನು ಅಳಿಸುತ್ತಾರೆ. ಅದು ಸರ್ವರಿನೊಂದಿಗೆ ಸಿಂಕ್ ಆಗುವ ಫೋಲ್ಡರ್ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಮಿರರ್ ಆ ಅಳಿಸುವಿಕೆಯನ್ನು ಎರಡೂ ಡಿಸ್ಕುಗಳ ಮೇಲೆ ಅದೇ ಕ್ಷಣದಲ್ಲಿ, ಚಾಚೂ ತಪ್ಪದೆ ಮಾಡುತ್ತದೆ. ಅದಕ್ಕೆ ಹೇಳಿಕೊಟ್ಟಿರುವ ಕೆಲಸವೇ ಅದು. ಕರೆಂಟ್ ಏರಿಳಿದು ಪವರ್ ಸಪ್ಲೈ ಸುಟ್ಟರೆ ಅದರ ಎರಡೂ ವೈರುಗಳು ಹೋಗುವುದು ಎರಡೂ ಡಿಸ್ಕುಗಳಿಗೆ. ಕಳ್ಳ ಡಬ್ಬಿಯನ್ನು ಎತ್ತಿಕೊಂಡು ಹೋಗುವಾಗ ಒಂದು ಡಿಸ್ಕ್ ಬಿಚ್ಚಿಟ್ಟು ಹೋಗುವುದಿಲ್ಲ. ಲಾರಿಯ ಹಿಂದಿನ ಜೋಡಿ ಚಕ್ರದ ಥರ ಇದು: ಒಂದು ಪಂಕ್ಚರಾದರೆ ಗಾಡಿ ಮುಂದೆ ಹೋಗುತ್ತದೆ, ಗಾಡಿಯೇ ಹಳ್ಳಕ್ಕೆ ಬಿದ್ದರೆ ಎರಡೂ ಹಳ್ಳಕ್ಕೇ.

ಮಲೆನಾಡಿನವರಿಗೆ ಸಿಡಿಲಿನ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ತೀರ್ಥಹಳ್ಳಿ, ಕೊಪ್ಪ, ಶಿರಸಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಮೋಡ ಕಪ್ಪಾದ ಕೂಡಲೇ ದೂರವಾಣಿಯ ತಂತಿ ಕಿತ್ತಿಡುವುದು ತಾಮ್ರದ ಲೈನಿನ ಕಾಲದಲ್ಲಿ ಎಲ್ಲ ಮನೆಗಳ ಅಭ್ಯಾಸವಾಗಿತ್ತು. ಈಗ ಫೈಬರ್ ಬಂದು ಆ ದಾರಿ ಮುಚ್ಚಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಗೇಟಿನ ಕಂಬದ ಸಿಸಿಟಿವಿ ಕ್ಯಾಮೆರಾದಿಂದ ಅಂಗಳ ದಾಟಿ ಒಳಗಿನ ಸ್ವಿಚ್ಚಿಗೆ ಬರುವ ಕೇಬಲ್ ತಾಮ್ರದ್ದೇ. ಅದೇ ಸ್ವಿಚ್ಚಿಗೆ ಸರ್ವರನ್ನೂ ಸಿಕ್ಕಿಸಿರುತ್ತೇವೆ. ಸಿಡಿಲಿನ ಹೊಡೆತ ಕ್ಯಾಮೆರಾದಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮದರ್‌ಬೋರ್ಡಿಗೆ ದಾಟುವಾಗ ಒಳಗೆ ಎಷ್ಟು ಡಿಸ್ಕಿನ ಮಿರರ್ ಇದೆ ಎಂದು ವಿಚಾರಿಸುವುದಿಲ್ಲ.

ಇನ್ನು ಹೊರಗಿನಿಂದ ಬರುವವರು. 2021ರ ಏಪ್ರಿಲಿನಲ್ಲಿ ಕ್ಯೂನ್ಯಾಪ್ ಕಂಪನಿಯ ಸ್ಟೋರೇಜ್ ಪೆಟ್ಟಿಗೆಗಳ ಮೇಲೆ ಕ್ಯೂಲಾಕರ್ ಎಂಬ ದಾಳಿಯಾಯಿತು. ಒಳಹೊಕ್ಕವರು ಜನರ ಕಡತಗಳನ್ನೆಲ್ಲ ಸೆವೆನ್-ಝಿಪ್‌ನಲ್ಲಿ ಕಟ್ಟಿ, ಪಾಸ್‌ವರ್ಡ್ ಹಾಕಿ, ಬಿಡಿಸಲು ಬಿಟ್‌ಕಾಯಿನ್ ಕೇಳಿದರು. ಅವರು ನುಗ್ಗಿದ ಬಾಗಿಲು ಯಾವುದು ಗೊತ್ತೇ? ಆ ಪೆಟ್ಟಿಗೆಯೊಳಗಿನ ಬ್ಯಾಕಪ್ ತಂತ್ರಾಂಶವೇ. ಮರುವರ್ಷದ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಇನ್ನೊಂದು ಬಂತು. 2021ರ ಜೂನ್‌ನಲ್ಲಿ ನಡೆದದ್ದು ಇನ್ನೂ ಘೋರ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಇಟ್ಟುಕೊಂಡಿದ್ದವರು ಬೆಳಗ್ಗೆ ಎದ್ದು ನೋಡಿದರೆ ಡಬ್ಬಿ ಖಾಲಿ. ದೂರದಿಂದ ಯಾರೋ ಫ್ಯಾಕ್ಟರಿ ರಿಸೆಟ್ ಆಜ್ಞೆ ಕೊಟ್ಟಿದ್ದರು, ಪಾಸ್‌ವರ್ಡ್ ಕೂಡ ಬೇಕಾಗಿರಲಿಲ್ಲ. ರಿಸೆಟ್ ಮಾಡುವ ಮುನ್ನ ಪಾಸ್‌ವರ್ಡ್ ಕೇಳಬೇಕಾಗಿದ್ದ ಸಾಲುಗಳನ್ನು 2011ರಲ್ಲೇ ಬದಿಗಿಟ್ಟು, ಹಾಗೇ ಬಿಟ್ಟಿದ್ದರು. 2015ರ ನಂತರ ಆ ಮಾದರಿಗೆ ಅಪ್‌ಡೇಟೇ ನಿಂತಿತ್ತು. ಅದೇ ಸಾಲಿನಲ್ಲಿ ಎರಡು ಡಿಸ್ಕಿನ ಡ್ಯುಯೊ ಎಂಬ ಮಾದರಿಯೂ ಇತ್ತು. ಅದೂ ಇದೇ ದೋಷಕ್ಕೆ ತುತ್ತಾದದ್ದೇ. ಖಾಲಿ ಮಾಡು ಎಂಬ ಆಜ್ಞೆಯನ್ನು ಎರಡು ಡಿಸ್ಕಿದ್ದರೆ ಎರಡೂ ಪಾಲಿಸುತ್ತವೆ.

ಇವೆಲ್ಲ ಬಡಪಾಯಿ ಡಬ್ಬಿಗಳ ಕಥೆ, ನಮ್ಮದು ಚೆನ್ನಾಗಿ ಕಟ್ಟಿದ ಯಂತ್ರ ಎನ್ನುವವರು ಜಿಮೇಲ್‌ಗಿಂತ ಚೆನ್ನಾಗಿ ಕಟ್ಟಿರಲಾರರು. 2011ರ ಫೆಬ್ರುವರಿ ಕೊನೆಯಲ್ಲಿ ಜಿಮೇಲ್ ಬಳಕೆದಾರರಲ್ಲಿ ಸುಮಾರು ಶೇ 0.02ರಷ್ಟು ಜನರ ಅಂಚೆಪೆಟ್ಟಿಗೆ ಖಾಲಿಯಾಯಿತು. ಗೂಗಲ್ ಒಂದೊಂದು ಪತ್ರವನ್ನೂ ಬೇರೆ ಬೇರೆ ಊರಿನ ಡೇಟಾ ಸೆಂಟರುಗಳಲ್ಲಿ ಹಲವು ಪ್ರತಿಗಳಾಗಿ ಇಡುತ್ತಿತ್ತು. ಹೊಸ ತಂತ್ರಾಂಶದ ಒಂದು ದೋಷ ಆ ಪ್ರತಿಗಳನ್ನೆಲ್ಲ ಹಾಳುಮಾಡಿತು. ಪತ್ರಗಳು ಮರಳಿ ಬಂದದ್ದು ಟೇಪಿನಿಂದ. ಹೌದು, ಕಪಾಟಿನಲ್ಲಿ ಸುಮ್ಮನೆ ಕೂತ ಮ್ಯಾಗ್ನೆಟಿಕ್ ಟೇಪು. ಓಡುತ್ತಿರುವ ಯಂತ್ರಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಆದ್ದರಿಂದಲೇ ಅದಕ್ಕೆ ಆ ದೋಷ ಮುಟ್ಟಲಿಲ್ಲ. ಜೀವಂತವಾಗಿ ಒಂದಕ್ಕೊಂದು ಅಂಟಿಕೊಂಡ ಪ್ರತಿಗಳೆಷ್ಟಿದ್ದರೂ ತಪ್ಪಿನ ಕಣ್ಣಿಗೆ ಅವು ಒಂದೇ ಪ್ರತಿ. ಗೂಗಲ್‌ನಂಥ ಗೂಗಲ್‌ಗೇ ಬೇಕಾದ ಆ ದೂರದ ಪ್ರತಿ ರಾಜಾಜಿನಗರದ ಎರಡನೇ ಮಹಡಿಯ ಸರ್ವರಿಗೆ ಬೇಡವೆನ್ನಲು ಯಾವ ಧೈರ್ಯ ಬೇಕೋ ನನಗೆ ತಿಳಿಯದು.

ಮಿರರಿನ ಭಕ್ತರು ಇಲ್ಲಿ ತಮ್ಮ ಕೊನೆಯ ಕೋಟೆಗೆ ಹಿಂದೆ ಸರಿಯುತ್ತಾರೆ: ಡಿಸ್ಕ್ ಸತ್ತಾಗಲಾದರೂ ಮಿರರ್ ಕಾಯುತ್ತದಲ್ಲ? ಕಾಯುತ್ತದೆ, ಬಹಳ ಸಲ. ಆದರೆ ಕಾಯುವ ಆ ಹೊತ್ತು ಹೇಗಿರುತ್ತದೆ ನೋಡಿ. ಎರಡೂ ಡಿಸ್ಕುಗಳನ್ನು ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಂಡಿರುತ್ತೀರಿ, ಬಹುಶಃ ಒಂದೇ ಪೆಟ್ಟಿಗೆಯಿಂದ ತೆಗೆದು ಕೊಟ್ಟಿರುತ್ತಾರೆ. ಒಂದೇ ಬಿಸಿ, ಒಂದೇ ಅಲುಗಾಟ, ಒಂದೇ ಸಂಖ್ಯೆಯ ಗಂಟೆಗಳು. ಒಂದು ಸತ್ತ ದಿನ ಇನ್ನೊಂದರ ಆಯಸ್ಸೂ ಅಷ್ಟೇ ಸವೆದಿರುತ್ತದೆ. ಆಗ ಅದರ ಮೇಲೆ ಹೇರುವ ಕೆಲಸವೇನು? 8 ಟಿಬಿಯನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದುವುದು. ಸೆಕೆಂಡಿಗೆ 150 ಎಂಬಿ ಎಂದರೂ ಸುಮಾರು 15 ಗಂಟೆ. ಆ 15 ಗಂಟೆ ಮನೆಯವರೆಲ್ಲ ಸರ್ವರಿನ ಸುತ್ತ ಕಾಲ್ಬೆರಳಲ್ಲಿ ಓಡಾಡುತ್ತಾರೆ, ಏಕೆಂದರೆ ಬೇರೆ ಪ್ರತಿಯಿಲ್ಲ.

ತಯಾರಕರೂ ಸತ್ಯಹರಿಶ್ಚಂದ್ರರಲ್ಲ. ನ್ಯಾಸ್‌ಗೆಂದೇ, ಅಂದರೆ ಇಂಥ ಸ್ಟೋರೇಜ್ ಪೆಟ್ಟಿಗೆಗಳಿಗೆಂದೇ, ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಡಿಸ್ಕುಗಳಲ್ಲಿ ಎಸ್ಎಂಆರ್ ತಂತ್ರ ಬಳಸಿದ್ದಾರೆಂಬುದು 2020ರಲ್ಲಿ ಬಯಲಾಯಿತು. ಡಬ್ಬದ ಮೇಲೆ ಅದರ ಸುಳಿವಿರಲಿಲ್ಲ. ಎಸ್ಎಂಆರ್ ಎಂದರೆ ಬರೆಯುವ ಪಟ್ಟಿಗಳನ್ನು ಹೆಂಚಿನ ಸಾಲಿನಂತೆ ಒಂದರ ಅಂಚಿನ ಮೇಲೊಂದು ಹೊದಿಸುವುದು. ಮಧ್ಯದ್ದೊಂದನ್ನು ಬದಲಿಸಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಆದ್ದರಿಂದ ನಿರಂತರವಾಗಿ ಬರೆಸಿಕೊಂಡಾಗ ಅದು ಏದುಸಿರು ಬಿಡುತ್ತದೆ, ಮಿರರ್ ಮರುಕಟ್ಟುವಾಗ ಆಗಬೇಕಾದದ್ದು ನಿರಂತರ ಬರಹವೇ. ಗಂಟೆಗಳ ಕೆಲಸ ದಿನಗಟ್ಟಲೆ ಎಳೆದ ವರದಿಗಳು ಬಂದವು. ಮೊಕದ್ದಮೆಗಳಾದವು. ಕಂಪನಿ ಹಳೇ ತಂತ್ರದ ಡಿಸ್ಕುಗಳಿಗೆ ರೆಡ್ ಪ್ಲಸ್ ಎಂದು ಹೊಸ ಹೆಸರಿಟ್ಟಿತು.

ಡಿಸ್ಕ್ ಸಾಯುವ ಮುನ್ನ ಅದರೊಳಗಿನ ಸ್ಮಾರ್ಟ್ ಎಂಬ ಆರೋಗ್ಯ-ದಾಖಲೆ ಎಚ್ಚರಿಕೆ ಕೊಡುತ್ತದೆ ಎಂಬುದು ಇನ್ನೊಂದು ಸಮಾಧಾನ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಪ್ರಕಟಿಸಿದರು. ಸತ್ತವುಗಳಲ್ಲಿ ಶೇ 36ಕ್ಕೂ ಹೆಚ್ಚು ಡಿಸ್ಕುಗಳು, ತಾಪಮಾನವೊಂದನ್ನು ಬಿಟ್ಟರೆ, ಯಾವ ಸ್ಮಾರ್ಟ್ ಅಂಕಿಯಲ್ಲೂ ಒಂದೇ ಒಂದು ದೂರು ದಾಖಲಿಸದೆ ಸತ್ತಿದ್ದವು. ಇನ್ನು 2025ರ ಜನವರಿಯಲ್ಲಿ ಯುರೋಪಿನಲ್ಲಿ ಹೊರಬಿದ್ದದ್ದು ಇದಕ್ಕಿಂತ ಮಜಾ. ಚಿಯಾ ಎಂಬ ಕ್ರಿಪ್ಟೊ ನಾಣ್ಯಕ್ಕಾಗಿ ಸಾವಿರಾರು ಗಂಟೆ ದುಡಿಸಿದ ಸೀಗೇಟ್ ಡಿಸ್ಕುಗಳ ಸ್ಮಾರ್ಟ್ ಅಂಕಿಗಳನ್ನು ಯಾರೋ ಸೊನ್ನೆಗಿಳಿಸಿ, ಹೊಸದೆಂದು ಅಂಗಡಿಗಳಿಗೆ ಸಾಗಿಸಿದ್ದರು. ಡಿಸ್ಕಿನೊಳಗೆ ಫಾರ್ಮ್ ಎಂಬ ಇನ್ನೊಂದು ದಾಖಲೆಯಿದ್ದು, ಅದನ್ನು ಓದಿದಾಗ ನಿಜವಾದ ಗಂಟೆಗಳು ಸಿಕ್ಕಿಬಿದ್ದವು. ಸೀಗೇಟ್ ಡಿಸ್ಕ್ ಕೊಂಡವರು ಈ ಎರಡು ಲೆಕ್ಕ ತಾಳೆ ನೋಡುವುದು ಐದು ನಿಮಿಷದ ಕೆಲಸ.

ನ್ಯಾಯವಾಗಿ ಒಂದು ಮಾತು ಸೇರಿಸಬೇಕು. ಮಿರರ್ ಮತ್ತು ರೇಡ್-5 ಎಂಬ ಇನ್ನೊಂದು ಜೋಡಣೆಯ ವಿರುದ್ಧ ಓಡಾಡುವ ಪ್ರಳಯದ ಗಣಿತವನ್ನೂ ನಾನು ನಂಬುವುದಿಲ್ಲ. ‘ಹತ್ತರ ಘಾತ ಹದಿನಾಲ್ಕು ಬಿಟ್‌ಗೊಂದು ಓದುವ ತಪ್ಪು, ಹಾಗಾಗಿ 12.5 ಟಿಬಿ ಓದಿದರೆ ಒಂದು ತಪ್ಪು ಖಚಿತ’ ಎನ್ನುವವರು ತಯಾರಕರ ಕನಿಷ್ಠ ಭರವಸೆಯನ್ನು ಡಿಸ್ಕಿನ ದಿನನಿತ್ಯದ ನಡವಳಿಕೆ ಎಂದು ಓದಿಕೊಂಡಿದ್ದಾರೆ. ಅಷ್ಟೇ ದೊಡ್ಡ ಡಿಸ್ಕುಗಳನ್ನು ಪ್ರತಿ ತಿಂಗಳು ಪೂರ್ತಿ ಓದಿಸುವ ಜನ ವರ್ಷಗಟ್ಟಲೆ ಒಂದು ತಪ್ಪನ್ನೂ ಕಾಣುವುದಿಲ್ಲ. ಮಿರರ್ ಬೇಡವೆನ್ನಲು ನನಗೆ ಆ ಭೂತ ಬೇಕಾಗಿಲ್ಲ.

ಎರಡನೇ ಡಿಸ್ಕಿನ ನಂಬಿಕೆಯ ಬೆನ್ನಿಗೇ ಬರುವುದು ಅಪ್‌ಗ್ರೇಡ್ ಎಂಬ ಚಟ. ಝಡ್ಎಫ್ಎಸ್ ಎಂಬ ಫೈಲ್ ಸಿಸ್ಟಮ್ ಹಾಕಿದರೆ ಟಿಬಿಗೊಂದು ಜಿಬಿ ರ‍್ಯಾಮ್ ಬೇಕು, ಅದೂ ತಪ್ಪು ತಿದ್ದಿಕೊಳ್ಳುವ ಇಸಿಸಿ ರ‍್ಯಾಮೇ ಆಗಬೇಕು, ಇಲ್ಲದಿದ್ದರೆ ಸ್ಕ್ರಬ್ ಮಾಡುವಾಗ, ಅಂದರೆ ಇಡೀ ಡಿಸ್ಕನ್ನು ಓದಿ ಪರೀಕ್ಷಿಸುವಾಗ, ದತ್ತಾಂಶವೇ ನಾಶವಾಗುತ್ತದೆ ಎಂಬ ಪುರಾಣ ಇನ್ನೂ ಓಡುತ್ತಿದೆ. ಝಡ್ಎಫ್ಎಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಮ್ಯಾಟ್ ಆರೆನ್ಸ್ ಅವರೇ, ಬೇರೆ ಫೈಲ್ ಸಿಸ್ಟಮ್‌ಗಳಿಗಿಂತ ಇದಕ್ಕೆ ಇಸಿಸಿ ವಿಶೇಷವಾಗಿ ಬೇಕೆಂದೇನಿಲ್ಲ ಎಂದು ಎಂದೋ ಹೇಳಿಯಾಗಿದೆ. ಆಮೇಲೆ 10 ಗಿಗಾಬಿಟ್ ಕಾರ್ಡು, ಅದಕ್ಕೆ ತಕ್ಕ ಸ್ವಿಚ್ಚು. ಇಡೀ ಮನೆಯಲ್ಲಿ ಅದನ್ನು ಬಳಸುವ ಯಂತ್ರ ಒಂದೇ, ಅದರ ವೈಫೈ ಹಾಲಿನಿಂದ ಮಲಗುವ ಕೋಣೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಕರೆಂಟಿನ ಲೆಕ್ಕ ಯಾರೂ ಹಾಕುವುದಿಲ್ಲ. ನಾಲ್ಕು ಡಿಸ್ಕಿನ ಯಂತ್ರ 40 ವಾಟ್ ಎಳೆದರೆ ತಿಂಗಳಿಗೆ ಸುಮಾರು 29 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಹಳೇ ಸರಾಸರಿಯ ಮೇಲೆ ಶೇ 10 ಅಷ್ಟೇ ಹೆಚ್ಚುವರಿ, ಅದೂ 200 ಯೂನಿಟ್ ಒಳಗೆ. 180ರ ಆಸುಪಾಸಿನಲ್ಲಿರುವ ಮನೆಯನ್ನು ಈ ಡಬ್ಬಿಯೊಂದೇ ಗೆರೆ ದಾಟಿಸುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಮೂಲೆಗೆ ಬಿದ್ದ ಹಳೇ ಲ್ಯಾಪ್‌ಟಾಪ್ ಒಂದು ಡಿಸ್ಕ್ ಸಿಕ್ಕಿಸಿಕೊಂಡು ಇದರ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಮನೆಯ ಫೋಟೊ, ವಿಡಿಯೊ, ಪಹಣಿ-ಪತ್ರಗಳ ಸ್ಕ್ಯಾನ್ ಎಲ್ಲವನ್ನೂ ಹಂಚಬಲ್ಲದು.

ಈಗ ರಿಪೇರಿಯ ಮಾತು. ನನ್ನ ವಾದದ ಗಟ್ಟಿ ನೆಲ ಇದೇ.

ಸರ್ವರಿಗೆ ಕಡತ ಕಳಿಸಿದರೆ ಸೆಕೆಂಡಿಗೆ 11 ಎಂಬಿ ದಾಟುತ್ತಿಲ್ಲ ಎಂದುಕೊಳ್ಳಿ. ಗಿಗಾಬಿಟ್ ಸಂಪರ್ಕದಲ್ಲಿ 110ರ ಹತ್ತಿರ ಬರಬೇಕು. ಈ 11 ಎಂಬ ಅಂಕಿ ಕಂಡ ಕೂಡಲೇ ಪಳಗಿದವರು ಡಿಸ್ಕಿನ ಕಡೆ ತಿರುಗಿಯೂ ನೋಡುವುದಿಲ್ಲ, ನೇರ ಕೇಬಲಿಗೆ ಕೈಹಾಕುತ್ತಾರೆ. ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ಎಳೆಗಳು ಬೇಕು. ಒಂದು ಎಳೆ ತುಂಡಾದರೂ ಎರಡೂ ತುದಿಯ ಯಂತ್ರಗಳು ಮಾತಾಡಿಕೊಂಡು, ಎರಡೇ ಜೋಡಿ ಸಾಕಾಗುವ 100 ಮೆಗಾಬಿಟ್‌ಗೆ ಇಳಿಯುತ್ತವೆ. ಅದರ ಎಂಟನೇ ಒಂದು ಭಾಗವೇ ಆ 11-12. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲನ್ನು ಕ್ಯಾಟ್-6 ಎಂದು ಮಾರುವ ನಮ್ಮ ಪೇಟೆಯಲ್ಲಿ ಇದು ದಿನನಿತ್ಯದ ರೋಗ. ಒಂದು ಸಲ ಗಟ್ಟಿಯಾಗಿ ಮಡಿಸಿದರೆ ಎಳೆ ಒಳಗೇ ಮುರಿಯುತ್ತದೆ. ಇನ್ನೊಂದು: ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಸಾಲಿನ ಅಂಕಿ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ ಎಂದು ಜನ ಕಂಗಾಲಾಗುತ್ತಾರೆ. ಆ ಸಾಲು ಹೇಳುವುದು ಡಿಸ್ಕಿಗೂ ಬೋರ್ಡಿಗೂ ನಡುವಿನ ಸಾಗಾಟದಲ್ಲಾದ ತಪ್ಪುಗಳನ್ನು. ಅದರ ಮದ್ದು ಬಹುತೇಕ ಹೊಸ ಸಾಟಾ ಕೇಬಲು. ಎದೆಗುಂದಬೇಕಾದದ್ದು 5, 197, 198ನೇ ಸಾಲುಗಳು ಏರಿದಾಗ.

ಇಷ್ಟು ಸುಲಭದ ರೋಗಪತ್ತೆ ಮಿರರ್ ಮನೆಯಲ್ಲಿ ಯಾಕೆ ಗಂಡಾಂತರವಾಗುತ್ತದೆ? ಅಲ್ಲಿ ಎರಡು ಡಿಸ್ಕುಗಳೂ ಸೇರಿ ಇರುವುದು ಒಂದೇ ಪ್ರತಿ. ಕೇಬಲ್ ಬಿಚ್ಚಲೂ ಭಯ. ಬಿಚ್ಚಿದಾಗ ‘ಡಿಗ್ರೇಡೆಡ್’ ಎಂಬ ಕೆಂಪಕ್ಷರ. ಸರಿಯಿದ್ದ ಡಿಸ್ಕನ್ನೇ ಹೊರಗೆಳೆದು, ಸಾಯುತ್ತಿರುವುದನ್ನು ಒಳಗೆ ಬಿಟ್ಟು, ಖಾಲಿ ಡಿಸ್ಕಿನಿಂದ ತುಂಬಿದ ಡಿಸ್ಕಿಗೆ ಮಿರರ್ ಮಾಡಿಸಿಕೊಂಡವರ ಗೋಳು ಹೊಸದಲ್ಲ. ಅಮೆರಿಕದಲ್ಲಿ ಕೂತ ಮಗ ಮೈಸೂರಿನ ಅಪ್ಪನಿಗೆ ವಿಡಿಯೊ ಕಾಲ್‌ನಲ್ಲಿ ‘ಎಡಗಡೆಯಿಂದ ಎರಡನೇದು, ಎರಡನೇದು’ ಎಂದು ಕೂಗುವುದನ್ನು ಕೇಳಿದವರಿಗೆ ಆ ಒತ್ತಡ ಗೊತ್ತು. ಅದೇ ಬೇರೆ ಮನೆಯಲ್ಲಿ ಪೂರ್ತಿ ಪ್ರತಿಯಿದೆ ಎಂದಾದರೆ ಅಪ್ಪ ಯಾವುದನ್ನು ಎಳೆದರೂ ಏನೂ ಮುಳುಗುವುದಿಲ್ಲ. ಮದರ್‌ಬೋರ್ಡ್ ಬದಲಿಸಬಹುದು, ಫೈಲ್ ಸಿಸ್ಟಮ್ ಕಿತ್ತು ಹೊಸದಾಗಿ ಹಾಕಬಹುದು, ಡಬ್ಬಿಯನ್ನೇ ಗುಜರಿಗೆ ಕೊಡಬಹುದು. ಪ್ರತ್ಯೇಕ ಪ್ರತಿಯಿರುವವನಿಗೆ ಮಾತ್ರ ಸರ್ವರ್ ಒಂದು ಯಂತ್ರ, ಉಳಿದವರಿಗೆ ಅದು ಮನೆದೇವರು.

ಎದುರಾಳಿಗಳ ಗಟ್ಟಿ ವಾದಗಳು ಎರಡಿವೆ. ಮೊದಲನೆಯದು ಬಿಟ್‌ಗಳು ತಾವಾಗಿಯೇ ಕೊಳೆಯುವ ಸಂಗತಿ: ಝಡ್ಎಫ್ಎಸ್ ಮಿರರ್ ಇದ್ದರೆ ಕೆಟ್ಟ ಪ್ರತಿಯನ್ನು ಗುರುತಿಸಿ, ಒಳ್ಳೆಯದರಿಂದ ತಾನೇ ಸರಿಮಾಡಿಕೊಳ್ಳುತ್ತದೆ. ನಿಜ, ಚೆಂದದ ಗುಣ. ಆದರೆ ಕೆಟ್ಟದ್ದನ್ನು ಗುರುತಿಸುವುದು ದತ್ತಾಂಶದ ಜೊತೆ ಬರೆದಿಟ್ಟ ತಾಳೆ-ಅಂಕಿಯಾದ ಚೆಕ್‌ಸಮ್, ಮಿರರ್ ಅಲ್ಲ. ಚೆಕ್‌ಸಮ್ ಇಲ್ಲದ ಮಾಮೂಲಿ ಮಿರರಿನಲ್ಲಿ ಎರಡು ಡಿಸ್ಕ್ ಎರಡು ಮಾತು ಹೇಳಿದರೆ ಯಾವುದು ಸರಿ ಎಂದು ಅದಕ್ಕೆ ತಿಳಿಯುವುದೇ ಇಲ್ಲ. ಒಂದೇ ಡಿಸ್ಕಿನ ಮೇಲೂ ಝಡ್ಎಫ್ಎಸ್ ಅಥವಾ ಬಿಟಿಆರ್‌ಎಫ್ಎಸ್ ಯಾವ ಕಡತ ಕೆಟ್ಟಿದೆ ಎಂದು ಹೆಸರು ಹಿಡಿದು ಹೇಳುತ್ತದೆ. ಆ ಒಂದು ಕಡತವನ್ನು ದೂರದ ಪ್ರತಿಯಿಂದ ತಂದುಕೊಂಡರಾಯಿತು.

ಎರಡನೆಯದು ಮನುಷ್ಯನ ಸೋಮಾರಿತನದ ವಾದ, ಇದಕ್ಕೆ ನಾನು ಹೆಚ್ಚು ಮರ್ಯಾದೆ ಕೊಡುತ್ತೇನೆ. ಮಿರರ್ ತಾನಾಗಿಯೇ ನಡೆಯುತ್ತದೆ, ಬ್ಯಾಕಪ್ಪನ್ನು ಯಾರೂ ನೆನಪಿಟ್ಟು ಮಾಡುವುದಿಲ್ಲ. ಸರಿ, ಹಾಗಾದರೆ ನೆನಪಿಡುವ ಕೆಲಸ ಮನುಷ್ಯನಿಗೆ ಕೊಡಬೇಡಿ. ಎರಡನೇ ಡಿಸ್ಕನ್ನು ಒಂದು ಚಿಕ್ಕ ಯಂತ್ರಕ್ಕೆ ಸಿಕ್ಕಿಸಿ ತಂಗಿಯ ಮನೆಯಲ್ಲಿಡಿ. ಮೊದಲ ಪ್ರತಿಯನ್ನು ನಿಮ್ಮ ಮನೆಯಲ್ಲೇ ತುಂಬಿಸಿ ಬಸ್ಸಿನಲ್ಲಿ ಒಯ್ಯಿರಿ. 40 ಮೆಗಾಬಿಟ್ ಅಪ್‌ಲೋಡಿನಲ್ಲಿ ಒಂದು ಟಿಬಿ ಹೋಗಲು ಎರಡು ದಿನದ ಮೇಲಾಗುತ್ತದೆ, ಬಸ್ಸು ಅದಕ್ಕಿಂತ ವೇಗ. ಆಮೇಲೆ ರಾತ್ರಿ ಹೊತ್ತು ಹೊಸದಷ್ಟೇ ಹೋದರೆ ಸಾಕು. 1996ರಿಂದ ಇರುವ ನಕಲು ತಂತ್ರಾಂಶ ಆರ್‌ಸಿಂಕ್ ಬದಲಾದ ಭಾಗವನ್ನು ಮಾತ್ರ ಕಳಿಸುವುದರಲ್ಲಿ ನಿಸ್ಸೀಮ. ನಮ್ಮಲ್ಲಿ ಬಹಳಷ್ಟು ಮನೆಯ ಸಂಪರ್ಕಗಳಿಗೆ ಸ್ವಂತ ಸಾರ್ವಜನಿಕ ಐಪಿ ಇರುವುದಿಲ್ಲ, ಹೊರಗಿನಿಂದ ನೇರ ಒಳಬರಲಾಗದು. ವೈರ್‌ಗಾರ್ಡ್ ಎಂಬ ಖಾಸಗಿ ಜಾಲದ ತಂತ್ರ ಬಳಸುವ ಟೇಲ್‌ಸ್ಕೇಲ್‌ನಂಥವು ಈ ತೊಡಕನ್ನು ದಾಟಿಸುತ್ತವೆ. ಸರ್ವರಿನ ಬಾಗಿಲನ್ನು ಇಂಟರ್‌ನೆಟ್ಟಿಗೆ ತೆರೆದಿಡುವ ಪೋರ್ಟ್ ಫಾರ್ವರ್ಡಿಂಗ್ ಎಂಬ ಆತ್ಮಹತ್ಯೆಯೂ ತಪ್ಪುತ್ತದೆ.

ಒಂದು ಎಚ್ಚರಿಕೆ ಮಾತ್ರ ಬಿಡುವಂತಿಲ್ಲ. ಪ್ರತಿಯನ್ನು ಮನೆಯ ಸರ್ವರ್ ತಳ್ಳಬಾರದು, ತಂಗಿಯ ಮನೆಯ ಯಂತ್ರ ಎಳೆದುಕೊಳ್ಳಬೇಕು. ತಳ್ಳುವ ವ್ಯವಸ್ಥೆಯಲ್ಲಿ ದೂರದ ಯಂತ್ರದ ಕೀಲಿ ಮನೆಯ ಸರ್ವರಿನಲ್ಲೇ ಇರುತ್ತದೆ. ಇಲ್ಲಿ ನುಗ್ಗಿದವನು ಅಲ್ಲಿಯದನ್ನೂ ಅಳಿಸುತ್ತಾನೆ. ಎಳೆಯುವ ವ್ಯವಸ್ಥೆಯಲ್ಲಿ ದೂರದ ಯಂತ್ರಕ್ಕೆ ಇಲ್ಲಿ ಓದುವ ಹಕ್ಕು ಮಾತ್ರ, ಇಲ್ಲಿಯದಕ್ಕೆ ಅಲ್ಲಿ ಯಾವ ಹಕ್ಕೂ ಇಲ್ಲ. ಎಳೆದುಕೊಂಡ ಮೇಲೆ ಅಲ್ಲೊಂದು ಸ್ನ್ಯಾಪ್‌ಶಾಟ್ ತೆಗೆದಿಟ್ಟರೆ ಇಲ್ಲಿ ಯಾರೋ ಅಳಿಸಿದ ಫೋಲ್ಡರ್ ಅಲ್ಲಿ ಹಿಂದಿನ ವಾರದ ಸ್ಥಿತಿಯಲ್ಲಿ ಉಳಿದಿರುತ್ತದೆ. ಮಿರರ್ ಎಷ್ಟು ಡಿಸ್ಕಿನದಾದರೂ ಕಳೆದ ವಾರವನ್ನು ಕಂಡಿರುವುದಿಲ್ಲ.

ಪ್ರತಿ ಇದ್ದರೆ ಸಾಲದು, ಅದನ್ನು ತೆರೆದು ನೋಡಬೇಕು. 2017ರ ಜನವರಿ 31ರಂದು ಕೋಡ್ ಸಂಗ್ರಹದ ತಾಣ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ದಣಿವಿನಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದರು. ಐದು ಬಗೆಯ ಬ್ಯಾಕಪ್ ವ್ಯವಸ್ಥೆಯಿತ್ತು, ನೆಚ್ಚಿಕೊಂಡದ್ದೊಂದೂ ಕೈಹಿಡಿಯಲಿಲ್ಲ. ತಂತ್ರಾಂಶದ ಆವೃತ್ತಿ ಹೊಂದದೆ ಒಂದು ಬ್ಯಾಕಪ್ ಸದ್ದಿಲ್ಲದೆ ಸೋಲುತ್ತಿತ್ತು, ಸೋಲನ್ನು ತಿಳಿಸುವ ಇಮೇಲುಗಳನ್ನು ಅಂಚೆ ವ್ಯವಸ್ಥೆಯೇ ತಿರಸ್ಕರಿಸುತ್ತಿತ್ತು. ಕೊನೆಗೆ ಉಳಿಸಿದ್ದು ಸುಮಾರು ಆರು ಗಂಟೆ ಹಿಂದೆ ಬೇರೇನೋ ಕೆಲಸಕ್ಕೆ ಕೈಯಾರೆ ತೆಗೆದ ಒಂದು ಪ್ರತಿ. 1998ರಲ್ಲಿ ಅನಿಮೇಷನ್ ಸ್ಟುಡಿಯೊ ಪಿಕ್ಸಾರ್‌ನಲ್ಲೂ ಹೀಗೇ. ಟಾಯ್ ಸ್ಟೋರಿ 2 ಸಿನಿಮಾದ ಕಡತಗಳನ್ನು ಯಾರದೋ ಒಂದು ಆಜ್ಞೆ ಅಳಿಸುತ್ತಾ ಹೋಯಿತು, ಬ್ಯಾಕಪ್ ಕೆಟ್ಟುನಿಂತಿತ್ತು. ಮಗು ಹುಟ್ಟಿದ ಮೇಲೆ ಮನೆಯಿಂದ ಕೆಲಸ ಮಾಡುತ್ತಿದ್ದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ತಂದರು. ಸ್ಟುಡಿಯೊದ ಭಾರೀ ಯಂತ್ರಗಳನ್ನು ಕಾದದ್ದು ಮನೆಯೊಂದರ ಮೂಲೆಯ ಪ್ರತಿ. ಆದ್ದರಿಂದ ತಿಂಗಳಿಗೊಮ್ಮೆ ದೂರದ ಪ್ರತಿಯಿಂದ ಯಾವುದೋ ಒಂದು ಫೋಲ್ಡರನ್ನು ಬೇರೆಯೇ ಕಂಪ್ಯೂಟರಿಗೆ ಇಳಿಸಿ, ಒಂದು ಫೋಟೊ, ಒಂದು ವಿಡಿಯೊ ತೆರೆದು ನೋಡಿ. ಪಟ್ಟಿಯಲ್ಲಿ ಹೆಸರು ಕಂಡರೆ ಸಾಲದು, ಚಿತ್ರ ಕಾಣಬೇಕು.

ಯಾರಿಗೆ ಮಿರರ್ ಬೇಕು? ದಾವಣಗೆರೆಯ ಮದುವೆ ಛಾಯಾಗ್ರಾಹಕನಿಗೆ ಬೇಕು. ಸೀಸನ್ನಿನಲ್ಲಿ ಇವತ್ತು ತೆಗೆದದ್ದನ್ನು ಇವತ್ತೇ ಎಡಿಟ್ ಮಾಡುವವನಿಗೆ ನಿಂತ ಯಂತ್ರವೆಂದರೆ ನಿಂತ ಸಂಪಾದನೆ, ರಾತ್ರಿಯ ಬ್ಯಾಕಪ್ ಬರುವವರೆಗೆ ಹಗಲಿನ ಕೆಲಸ ಕಾಯಲೂ ಬೇಕು. ಅವನು ಮೂರನೇ ಡಿಸ್ಕ್ ಕೊಂಡು ಮಿರರ್ ಮಾಡಲಿ. ದೂರದ ಪ್ರತಿ ಇದ್ದು, ಅದನ್ನು ತೆರೆದು ನೋಡಿದ ಮೇಲೆ.

ಕೊನೆಯ ಆಕ್ಷೇಪ ನಾಲ್ಕು ಡಿಸ್ಕಿನವರದು: ‘ನನ್ನ ಹತ್ತಿರ 30 ಟಿಬಿ ಇದೆ, ಅದನ್ನೆಲ್ಲಿ ನಕಲು ಮಾಡಲಿ?’ ದಕ್ಷಿಣ ಕೊರಿಯಾ ಸರ್ಕಾರ ತನ್ನ ಜಿ-ಡ್ರೈವ್ ಎಂಬ ನೌಕರರ ಕಡತ ಭಂಡಾರದ ಬಗ್ಗೆ ಹೇಳಿದ್ದೂ ಇದನ್ನೇ. ದೊಡ್ಡದಾಯಿತು, ಹೊರಗೆ ಪ್ರತಿ ಇಡಲಾಗಲಿಲ್ಲ ಎಂದು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಡೇಟಾ ಸೆಂಟರಿನಲ್ಲಿ ಬ್ಯಾಟರಿಗೆ ಹತ್ತಿದ ಬೆಂಕಿ 858 ಟಿಬಿಯನ್ನು ಸುಟ್ಟುಹಾಕಿತು. ನಿಮ್ಮ 30 ಟಿಬಿಯನ್ನು ಒಂದು ಭಾನುವಾರ ಕೂತು ವಿಂಗಡಿಸಿ. ಇಳಿಸಿಕೊಂಡ ಸಿನಿಮಾ, ವೆಬ್ ಸರಣಿ, ಲಿನಕ್ಸಿನ ಇನ್‌ಸ್ಟಾಲ್ ಕಡತ, ಹಳೇ ಫೋನುಗಳ ಮೂರು ಮೂರು ಸಲದ ಡಂಪು, ಕೆಲಸ ಬಿಟ್ಟ ಕಂಪನಿಯ ವರ್ಚುವಲ್ ಮಷೀನು. ಇವನ್ನೆಲ್ಲ ಬದಿಗಿಟ್ಟ ಮೇಲೆ ಉಳಿಯುವುದು ಫೋಟೊಗಳು, ಮಕ್ಕಳ ವಿಡಿಯೊಗಳು, ಆಸ್ತಿಪತ್ರದ ಸ್ಕ್ಯಾನುಗಳು, ಕ್ಯಾಸೆಟ್‌ನಿಂದ ಇಳಿಸಿದ ಅಜ್ಜನ ತಾಳಮದ್ದಲೆಯ ಧ್ವನಿಮುದ್ರಣ. ಬಹುತೇಕ ಮನೆಗಳಲ್ಲಿ ಇಷ್ಟೂ ಸೇರಿ ಒಂದೆರಡು ಟಿಬಿ ದಾಟುವುದಿಲ್ಲ. ಅಷ್ಟಕ್ಕೆ ಜೇಬಿನಲ್ಲಿ ಹಿಡಿಸುವ ಡಿಸ್ಕು ಸಾಕು, ಸಿನಿಮಾಗಳನ್ನು ಮಿರರ್ ನೋಡಿಕೊಳ್ಳಲಿ.